ಸಭೆಯ ನಡುವಿನಿಂದ ಬಂದ ಮಾತು

(ಹಾಸ್ಯ ಕಾರ್ಯಕ್ರಮಗಳನ್ನು ನಡೆಸಿಕೊಡಲು ಹೊರಟಿರುವ ಕಿರಿಯ ಕಲಾವಿದರ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೆ,

ನಗಿಸುವ ಮಾತನ್ನು ಕಟ್ಟುವುದು ಹೇಗೆ, ಎಲ್ಲಿ ತಡೆದು ಎಲ್ಲಿ ಬಿಡಬೇಕು ಎಂಬುದನ್ನು ಕಳೆದ ಎರಡು ದಿನಗಳಿಂದ ನೀವು ಇಲ್ಲಿ ಕಲಿತಿದ್ದೀರಿ. ನನ್ನ ಪಾಲಿಗೆ ಬಂದಿರುವ ವಿಷಯ ಅದಕ್ಕಿಂತ ಸ್ವಲ್ಪ ಒರಟಾದದ್ದು. ನೀವು ತಿಂಗಳುಗಟ್ಟಲೆ ತಿದ್ದಿ ತೀಡಿ ತಂದ ಮಾತಿನ ನಡುವೆ ಸಭೆಯಲ್ಲಿ ಕುಳಿತ ಒಬ್ಬರು ಬಾಯಿ ಹಾಕಿದರೆ ಏನು ಮಾಡಬೇಕು ಎಂಬುದೇ ಆ ವಿಷಯ. ಬೆಂಗಳೂರಿನಲ್ಲಿ ಯಾರು ಬೇಕಾದರೂ ವೇದಿಕೆ ಹತ್ತಿ ನೋಡಬಹುದಾದ ಓಪನ್ ಮೈಕ್‌ಗಳಿಗೆ ಹೋಗುವವರು ಅಂಥವರನ್ನು ಹೆಕ್ಲರ್ ಎನ್ನುತ್ತೀರಿ. ಹಾಸ್ಯೋತ್ಸವ, ಹಾಸ್ಯ ಸಂಜೆಗಳ ವೇದಿಕೆಯಲ್ಲಿ ಬೆಳೆದ ನಾವು ಕೂಗುವವರು, ಅಡ್ಡಮಾತಿನವರು ಎನ್ನುತ್ತಿದ್ದೆವು. ಹೆಸರು ಯಾವುದಾದರೂ ಆ ಕ್ಷಣದಲ್ಲಿ ಎದೆ ಹೊಡೆದುಕೊಳ್ಳುವ ರೀತಿ ಒಂದೇ. ಇಪ್ಪತ್ತೆರಡು ವರ್ಷ ವೇದಿಕೆಯ ಮೇಲೆ ನಿಂತ ಮೇಲೂ ನನಗೆ ಆ ಬಡಿತ ನಿಂತಿಲ್ಲ.

ಮೊದಲು ನಾನು ಸೋತ ಒಂದು ಸಂಜೆಯ ಸಂಗತಿಯನ್ನು ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನನಗೆ ತಿಳಿದಿರುವುದರ ಬಹುಪಾಲು ಅಲ್ಲಿಂದಲೇ ಬಂದದ್ದು. ಸುಮಾರು ಹದಿನೈದು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಗಣೇಶೋತ್ಸವದ ಕಾರ್ಯಕ್ರಮವಿತ್ತು. ಶಾಲೆಯ ಮೈದಾನದಲ್ಲಿ ತಗಡಿನ ಚಪ್ಪರ, ಮುಂದೆ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಮಿತಿಯವರು, ಅವರ ಹಿಂದೆ ಜಮಖಾನದ ಮೇಲೆ ಹೆಂಗಸರು ಮಕ್ಕಳು, ಅದರಾಚೆ ಕತ್ತಲಲ್ಲಿ ನಿಂತ ಗಂಡಸರು. ಪೇಟೆಯ ಅಳಿಯನೊಬ್ಬ ಮಾವನ ಹೊಲಕ್ಕೆ ಹೋಗಿ ಪೇಚಿಗೆ ಸಿಕ್ಕುವ ಪ್ರಸಂಗವನ್ನು ನಾನು ಹೇಳುತ್ತಿದ್ದೆ. ಮೈಸೂರು, ಮಂಡ್ಯಗಳ ಸಭಾಂಗಣಗಳಲ್ಲಿ ಹತ್ತಾರು ಬಾರಿ ಹೇಳಿ ಪಳಗಿದ ಪ್ರಸಂಗ ಅದು. ಅಳಿಯ ಕುಂಟೆ ಹಿಡಿದು ಬಿತ್ತಲು ಹೊರಟ ಎಂದು ನಾನು ಹೇಳುತ್ತಿದ್ದಂತೆ ಕತ್ತಲಿನಿಂದ ಒಂದು ಗಟ್ಟಿ ದನಿ ಬಂತು: "ಕುಂಟೀಲೆ ಯಾವಾಂವ ಬಿತ್ತತಾನ್ರೀ? ಕೂರಿಗಿ ಅನ್ರಿ, ಕೂರಿಗಿ!"

ಅಂಥ ಸಂದರ್ಭಕ್ಕೆಂದು ನಾನು ಒಂದು ಮಾತನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೆ, ಅದನ್ನೇ ಎಸೆದೆ. ಯಜಮಾನರೆ, ಮೈಕು ನನ್ನ ಕೈಯಲ್ಲಿದೆ, ನಿಮ್ಮ ಕೈಯಲ್ಲಿರುವುದು ಎಲೆ ಅಡಿಕೆಯ ಚೀಲ, ಅವರವರ ಕೆಲಸ ಅವರವರು ಮಾಡೋಣ ಎಂದೆ. ಕುರ್ಚಿಯ ಎರಡು ಸಾಲು ನಕ್ಕಿತು. ಜಮಖಾನ ನಗಲಿಲ್ಲ, ಕತ್ತಲು ನಗಲಿಲ್ಲ. ಆ ಮೇಲೆ ನಲವತ್ತು ನಿಮಿಷ ನಾನು ಹೇಳಿದ ಯಾವ ಮಾತೂ ಆ ಎರಡು ಸಾಲನ್ನು ದಾಟಿ ಹಿಂದಕ್ಕೆ ಹೋಗಲಿಲ್ಲ. ಊರಿಗೆ ಮರಳುವಾಗ ಕಾರಿನ ಚಾಲಕ ತಾನಾಗಿಯೇ ಬಿಡಿಸಿ ಹೇಳಿದ. ಕುಂಟೆಯಿಂದ ಹೊಲ ಹರಗುತ್ತಾರೆ, ಅದಕ್ಕಿರುವುದು ನೆಲಕ್ಕೆ ಅಡ್ಡಲಾಗಿ ಕೂತು ಮಣ್ಣನ್ನು ಸವರಿಕೊಂಡು ಹೋಗುವ ಒಂದು ಕಬ್ಬಿಣದ ಅಲಗು. ಬಿತ್ತುವುದು ಕೂರಿಗೆಯಿಂದ. ಮೇಲಿನ ಬಟ್ಟಲಿಗೆ ಹೆಣ್ಣುಮಕ್ಕಳು ಬೀಜ ಬಿಡುತ್ತ ನಡೆದರೆ ಅದು ಬಿದಿರಿನ ಕೊಳವೆಗಳಲ್ಲಿ ಇಳಿದು, ತಾಳು ಎನ್ನುವ ಕೂರಿಗೆಯ ಕಾಲುಗಳು ಕೊರೆದ ಸಾಲಿಗೆ ಬೀಳುತ್ತದೆ. ಆ ಮೈದಾನದಲ್ಲಿ ಇದನ್ನು ಅರಿಯದವನು ನಾನೊಬ್ಬನೇ. ಕತ್ತಲಲ್ಲಿದ್ದ ಆ ಮನುಷ್ಯ ನನ್ನ ತಪ್ಪನ್ನು ತಿದ್ದಿದ್ದ, ಅದೂ ನಗುವಿನ ದನಿಯಲ್ಲೇ. ನಾನು ಅವನನ್ನು ಎಲ್ಲರ ಮುಂದೆ ಕೂರಿಸಿದೆ, ಅವನ ಜೊತೆ ಇಡೀ ಊರನ್ನೇ ಕೂರಿಸಿದೆ.

ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ಅಡ್ಡಮಾತು ಒಬ್ಬನದಾದರೂ ಉತ್ತರ ಇಡೀ ಸಭೆಗೆ ಸೇರುತ್ತದೆ. ಕೂಗಿದವನನ್ನು ನೀವು ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದನ್ನು ನೋಡಿ ಉಳಿದ ಎಂಟುನೂರು ಜನ, ಈ ಮನುಷ್ಯನ ಮುಂದೆ ನಾನು ಬಾಯಿಬಿಟ್ಟು ನಗಬಹುದೇ, ನಾಳೆ ಇವನ ಬಾಯಿಗೆ ನಾನೂ ಸಿಗುತ್ತೇನೆಯೇ ಎಂದು ತೂಗಿ ನೋಡುತ್ತಾರೆ. ಹೆದರಿದವರು ಬಾಯ್ತುಂಬ ನಗುವುದಿಲ್ಲ.

ಈ ಸಮಸ್ಯೆ ಸ್ಟ್ಯಾಂಡ್‌ಅಪ್ ಕಾಮಿಡಿಯ ಜೊತೆ ಹೊರಗಿನಿಂದ ಬಂದದ್ದು ಎಂದು ಕೆಲವರು ಭಾವಿಸಿದ್ದಾರೆ. ನಮ್ಮ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವನ್ನು ಒಮ್ಮೆ ಓದಿದರೆ ಆ ಭಾವನೆ ಉಳಿಯುವುದಿಲ್ಲ. ಭರತಮುನಿ ಹೇಳುವ ಕಥೆಯಂತೆ ಮೊಟ್ಟಮೊದಲ ನಾಟಕ ನಡೆದದ್ದು ಇಂದ್ರಧ್ವಜದ ಉತ್ಸವದಲ್ಲಿ, ವಸ್ತು ದೈತ್ಯರ ಸೋಲು. ಪ್ರೇಕ್ಷಕರಲ್ಲಿ ದೈತ್ಯರೂ ಇದ್ದರು. ತಮ್ಮ ಸೋಲನ್ನೇ ಆಡಿ ತೋರಿಸುವುದನ್ನು ಅವರು ಸಹಿಸಲಿಲ್ಲ. ವಿರೂಪಾಕ್ಷನೆಂಬವನ ಮುಂದಾಳತ್ವದಲ್ಲಿ ವಿಘ್ನಗಳೆಂಬ ಅಡ್ಡಿಪಡಿಸುವ ಗಣಗಳು ಎದ್ದು, ನಟರ ಮಾತು, ಚಲನೆ, ನೆನಪು ಈ ಮೂರನ್ನೂ ಸ್ತಂಭಿಸಿಬಿಟ್ಟವು. ವೇದಿಕೆಯ ಮೇಲೆ ಒಮ್ಮೆಯಾದರೂ ಅಡ್ಡಮಾತಿಗೆ ಸಿಕ್ಕವರು ಈ ಮೂರು ಪದಗಳನ್ನು ಗಮನಿಸಿ ನೋಡಿ. ನಾಲಗೆ ಒಣಗುತ್ತದೆ, ಕೈಕಾಲು ಕಟ್ಟಿಹಾಕಿದಂತಾಗುತ್ತದೆ, ಮುಂದಿನ ಸಾಲು ಮರೆತುಹೋಗುತ್ತದೆ. ಅಷ್ಟು ಹಿಂದೆಯೇ ಇದನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟವರು ರಂಗದ ಮೇಲೆ ನಿಂತು ಬಲ್ಲವರೇ ಆಗಿರಬೇಕು ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಮುಂದೆ ನಡೆದದ್ದು ನಮಗೆ ಇನ್ನೂ ಮುಖ್ಯ. ಇಂದ್ರನಿಗೆ ಕೋಪ ಬಂದು ಧ್ವಜದ ಕೋಲನ್ನೇ ಕಿತ್ತು ವಿಘ್ನಗಳನ್ನು ಜರ್ಜರಗೊಳಿಸಿದ, ಆ ಕೋಲಿಗೆ ಜರ್ಜರವೆಂಬ ಹೆಸರೇ ಬಂತು. ಅಷ್ಟಾದರೂ ಉಪಟಳ ನಿಲ್ಲಲಿಲ್ಲ. ವಿಶ್ವಕರ್ಮ ನಾಟ್ಯಗೃಹವನ್ನು ಕಟ್ಟಿದ, ಮೂಲೆಮೂಲೆಗೂ ದೇವತೆಗಳು ಕಾವಲು ನಿಂತರು. ಕೊನೆಗೆ ದೇವತೆಗಳೇ ಬ್ರಹ್ಮನ ಬಳಿ ಹೋಗಿ, ಮೊದಲು ಸಾಮ, ಆಮೇಲೆ ದಾನ, ಅದರ ಮೇಲೆ ಭೇದ, ಇವೆಲ್ಲ ಆದ ನಂತರ ದಂಡ ಎಂಬ ಕ್ರಮವಿದೆ, ಆದ್ದರಿಂದ ನೀವು ಮಾತಿನಿಂದಲೇ ಇವರನ್ನು ಸಮಾಧಾನಪಡಿಸಿ ಎಂದು ಕೇಳಿಕೊಂಡರು. ಬ್ರಹ್ಮ ವಿಘ್ನಗಳನ್ನು ಕರೆದು ನಿಮಗೇನು ಅಸಮಾಧಾನ ಎಂದು ವಿಚಾರಿಸಿದ. ವಿರೂಪಾಕ್ಷ ಉತ್ತರ ಕೊಟ್ಟ: ದೇವತೆಗಳೂ ನಾವೂ ನಿನ್ನಿಂದಲೇ ಹುಟ್ಟಿದವರಾಗಿರುವಾಗ, ಅವರ ಇಷ್ಟಕ್ಕಾಗಿ ನಮ್ಮನ್ನು ಹೀಗಳೆಯುವ ಈ ನಾಟ್ಯವನ್ನು ನೀನು ಮಾಡಬಾರದಾಗಿತ್ತು. ಬ್ರಹ್ಮ ಆ ಮಾತನ್ನು ತಳ್ಳಿಹಾಕದೆ, ನಾಟ್ಯ ಒಬ್ಬರ ಸೊತ್ತಲ್ಲ, ನಿಮ್ಮ ಒಳಿತು ಕೆಡುಕೂ ದೇವತೆಗಳ ಒಳಿತು ಕೆಡುಕೂ ಇದರಲ್ಲಿದೆ, ಮೂರು ಲೋಕದ ಭಾವಗಳ ಅನುಕೀರ್ತನ ಇದು ಎಂದು ಬಿಡಿಸಿ ಹೇಳಿದ. ನಾಟ್ಯದ ಅತ್ಯಂತ ಪ್ರಸಿದ್ಧವಾದ ಆ ವ್ಯಾಖ್ಯಾನ ಹೊರಬಂದದ್ದು ಒಬ್ಬ ಅಡ್ಡಮಾತಿನವನ ಪ್ರಶ್ನೆಗೆ ಉತ್ತರವಾಗಿ. ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಅದೇ ಗ್ರಂಥದ ಕೊನೆಯ ಭಾಗದಲ್ಲಿ ಪ್ರಯೋಗದ ಸಿದ್ಧಿಯನ್ನು, ಅಂದರೆ ಅದರ ಯಶಸ್ಸನ್ನು, ಅಳೆಯುವ ಅಧ್ಯಾಯವೊಂದಿದೆ. ಅಲ್ಲಿ ಪ್ರದರ್ಶನಕ್ಕೆ ಒದಗುವ ಘಾತಗಳನ್ನು ದೈವದಿಂದ ಬಂದವು, ನಟನಿಂದಲೇ ಆದವು, ಪರರಿಂದ ಬಂದವು ಎಂದು ವಿಂಗಡಿಸಿದ್ದಾರೆ. ಗಾಳಿ, ಬೆಂಕಿ, ಮಳೆ ಮೊದಲಿನ ಗುಂಪಿಗೆ ಸೇರುತ್ತವೆ. ಪರರಿಂದ ಬರುವ ಘಾತಗಳ ಪಟ್ಟಿಯಲ್ಲಿ ವಿಪರೀತವಾಗಿ ನಗುವುದು, ಅಳುವುದು, ಅಬ್ಬರಿಸುವುದರ ಜೊತೆಗೆ ಸಗಣಿ, ಮಣ್ಣಿನ ಹೆಂಟೆ, ಕಡೆಗೆ ಇರುವೆಗಳನ್ನು ಎಸೆಯುವುದೂ ಇದೆ. ಇರುವೆಗಳನ್ನು ಹಿಡಿದು ಕಟ್ಟಿಕೊಂಡು ನಾಟಕಕ್ಕೆ ಬರುತ್ತಿದ್ದ ಪ್ರೇಕ್ಷಕನನ್ನು ನೆನೆದರೆ, ನಮ್ಮ ಕಾಲದವರು ಬರೀ ಬಾಯಿಯಿಂದ ಕೂಗುತ್ತಾರಲ್ಲ ಎಂದು ಸಮಾಧಾನವಾಗುತ್ತದೆ. ಆದರೆ ಆ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯೇ ಇದೆ. ಸ್ಮಿತ, ಅರ್ಧಹಾಸ, ಅತಿಹಾಸ ಎಂಬ ಮೂರನ್ನೂ ಮಾತಿನ ರೂಪದಲ್ಲಿ ವ್ಯಕ್ತವಾಗುವ ಸಿದ್ಧಿಯ ಲಕ್ಷಣಗಳಲ್ಲಿ ಎಣಿಸಿದ್ದಾರೆ. ಅತಿಯಾದ ನಗು ಒಂದು ಕಡೆ ಗೆಲುವಿನ ಗುರುತು, ಇನ್ನೊಂದು ಕಡೆ ಹಗೆಯ ಆಯುಧ. ಸಭೆಯಿಂದ ಬಂದ ಸದ್ದು ಯಾವುದೆಂದು ಕಿವಿ ಕೊಟ್ಟು ಕೇಳದೆ ಹೇಳಲಾಗುವುದಿಲ್ಲ ಎಂಬುದನ್ನು ಅವರು ಅರಿತಿದ್ದರು.

ಹೆಕ್ಲರ್ ಎಂಬ ಪದಕ್ಕೂ ಒಂದು ಹಿನ್ನೆಲೆಯಿದೆ. ಅಗಸೆಯ ನಾರನ್ನು ಕಬ್ಬಿಣದ ಹಲ್ಲುಗಳ ನಡುವೆ ಎಳೆದು ಸಿಕ್ಕು ಬಿಡಿಸುವ ಕೆಲಸಗಾರರನ್ನು ಸ್ಕಾಟ್ಲೆಂಡಿನಲ್ಲಿ ಹಾಗೆ ಕರೆಯುತ್ತಿದ್ದರು. ಡಂಡೀ ಪಟ್ಟಣದ ಆ ಕೆಲಸಗಾರರು ರಾಜಕೀಯ ಪ್ರಜ್ಞೆ ಇದ್ದವರು, ಒಬ್ಬ ಪತ್ರಿಕೆ ಓದುತ್ತಿದ್ದರೆ ಉಳಿದವರು ಕೈಕೆಲಸ ಬಿಡದೆ ವಾದ ಹೂಡುತ್ತಿದ್ದರು ಎಂದು ಹೇಳುತ್ತಾರೆ. ಅಲ್ಲಿಂದ ಆ ಪದ ಚುನಾವಣೆಯ ಸಭೆಗಳಿಗೆ ಬಂತು. ಅಭ್ಯರ್ಥಿಯನ್ನು ಪ್ರಶ್ನೆಗಳ ಹಲ್ಲಿಗೆ ಸಿಕ್ಕಿಸಿ ಎಳೆಯುವುದಕ್ಕೆ ಅದೇ ಹೆಸರಾಯಿತು. ಕನ್ನಡದಲ್ಲಿ ನಾವು ಹತ್ತಿಯನ್ನೂ ಹಿಂಜುತ್ತೇವೆ, ವಿಷಯವನ್ನೂ ಹಿಂಜುತ್ತೇವೆ. ಎರಡು ದೂರದ ನುಡಿಗಳು ನಾರು ಬಿಡಿಸುವ ಒಂದೇ ಕಸುಬಿನಿಂದ ಒಂದೇ ಬಗೆಯ ಅರ್ಥವನ್ನು ತೆಗೆದುಕೊಂಡಿರುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಹಿಂಜಿದ ಹತ್ತಿಯೇ ನೂಲಾಗುವುದಷ್ಟೆ.

ಇಂಗ್ಲೆಂಡಿನ ಸ್ಟ್ಯಾಂಡ್‌ಅಪ್ ರಂಗ ಇದನ್ನು ಒಂದು ಪದ್ಧತಿಯನ್ನಾಗಿಯೇ ಮಾಡಿಕೊಂಡಿತು. 1979ರಲ್ಲಿ ಲಂಡನ್ನಿನ ಸೋಹೋದಲ್ಲಿ ಶುರುವಾದ ಕಾಮಿಡಿ ಸ್ಟೋರ್‌ನಲ್ಲಿ ಒಂದು ಜಾಗಟೆ ಇತ್ತು. ಸಭಿಕರಿಗೆ ಹಿಡಿಸದಿದ್ದರೆ ಅವರು ಕೂಗುತ್ತಿದ್ದರು, ನಿರೂಪಕ ಜಾಗಟೆ ಬಾರಿಸುತ್ತಿದ್ದ, ಕಲಾವಿದ ಇಳಿದು ಹೋಗಬೇಕು. ಅಲ್ಲಿಂದ ಗಟ್ಟಿಗರು ಹುಟ್ಟಿದರು, ನಿಜ. ಆದರೆ ಎಲ್ಲರ ಮುಂದೆ ಜಾಗಟೆ ಬಾರಿಸಿದ ಮೇಲೆ ಮತ್ತೆ ಎಂದೂ ವೇದಿಕೆ ಹತ್ತದೆ ಹೋದ ಮೆದುದನಿಯವರು ಎಷ್ಟು ಮಂದಿಯೋ! ಆ ಮಾದರಿಯನ್ನು ಇಲ್ಲಿಗೆ ತರಬೇಕಾಗಿಲ್ಲ, ಏಕೆಂದರೆ ನಮ್ಮಲ್ಲಿ ಇದಕ್ಕಿಂತ ಹದವಾದ ಮಾದರಿಗಳಿವೆ.

ಯಕ್ಷಗಾನದ ಹಾಸ್ಯಗಾರನನ್ನು ನೋಡಿ. ಬರೆದಿರುವುದು ಪದ್ಯ ಮಾತ್ರ, ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಅವನು ಆ ರಾತ್ರಿ ಅಲ್ಲೇ ಹುಟ್ಟಿಸಬೇಕು. ದೂತನಾಗಿ, ಚಾರಕನಾಗಿ, ಬಾಗಿಲು ಕಾಯುವವನಾಗಿ ಬರುವ ಅವನು ಪುರಾಣದ ಲೋಕಕ್ಕೂ ಗದ್ದೆಯಲ್ಲಿ ಚಾಪೆ ಹಾಸಿ ಕುಳಿತ ಜನಕ್ಕೂ ನಡುವಿನ ಸೇತುವೆ. ನಿದ್ದೆ ತೂಗುವ ಹೊತ್ತಿನಲ್ಲಿ ಸಭೆಯಿಂದ ಬಂದ ಕೆಮ್ಮನ್ನೂ ಕೂಗನ್ನೂ ಪ್ರಸಂಗದ ಒಳಕ್ಕೆ ಎಳೆದುಕೊಂಡು, ಪದ್ಯ ಹಾಡುವ ಭಾಗವತರ ಕಡೆ ತಿರುಗಿ ಒಂದು ಮಾತಾಡಿ, ತಾಳ ತಪ್ಪದಂತೆ ಕಥೆಗೆ ಮರಳುವುದು ಅವನ ವಿದ್ಯೆ. ತುಳು ಪ್ರಸಂಗಗಳಲ್ಲಿ ಮಿಜಾರು ಅಣ್ಣಪ್ಪನವರಂಥವರು ಮನೆಮಾತಾದದ್ದು ಈ ವಿದ್ಯೆಯ ಬಲದಿಂದ. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಂತೂ ಎದುರು ಕುಳಿತ ಅರ್ಥಧಾರಿಯೇ ಅಡ್ಡಮಾತಿನವನು. ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಕೂರುವವರು ಯಾವ ಗಳಿಗೆಯಲ್ಲಿ ಯಾವ ಪ್ರಶ್ನೆ ಬರುತ್ತದೋ ಎಂದು ಸಿದ್ಧರಾಗಿಯೇ ಕೂರಬೇಕಿತ್ತು. ಕಿರಿಯರಿಗೆ ನಾನು ಕೊಡುವ ಮೊದಲ ಸಲಹೆ, ಒಂದು ಮಳೆಗಾಲ ಪೂರ್ತಿ ತಾಳಮದ್ದಳೆಗಳನ್ನು ಕೇಳಿ ಬನ್ನಿ ಎಂಬುದು. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರಲ್ಲಿ ಒಪ್ಪಬೇಕಾದುದನ್ನು ಮೊದಲು ಒಪ್ಪಿ, ಆಮೇಲೆ ತಿರುವು ಕೊಡುವ ಕ್ರಮವನ್ನು ಅಷ್ಟು ಚೆನ್ನಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ.

ಕಂಪನಿ ನಾಟಕದವರ ಕಾಲದಲ್ಲಿ ಸಭೆಯ ಕೂಗಿಗೆ ಒಂದು ಮರ್ಯಾದೆಯ ಹೆಸರೇ ಇತ್ತು, ಒನ್ಸ್ ಮೋರ್. ಸತ್ತು ಬಿದ್ದ ಪಾತ್ರ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸತ್ತ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಬೆಳೆಸಿದ ವೀರಣ್ಣನವರು ಸ್ವತಃ ಹಾಸ್ಯ ಪಾತ್ರಗಳಿಗೆ ಹೆಸರಾದವರು. ಅದೇ ಪರಂಪರೆಯ ಕೊನೆಯ ದೊಡ್ಡ ಹೆಸರು ಮಾಸ್ಟರ್ ಹಿರಣ್ಣಯ್ಯನವರು. 'ಲಂಚಾವತಾರ'ವನ್ನು ಅವರು ಸಾವಿರಾರು ಬಾರಿ ಆಡಿದರು, ಎರಡು ರಾತ್ರಿಯ ಮಾತುಗಳು ಒಂದೇ ಆಗಿರುತ್ತಿರಲಿಲ್ಲ. ಬೆಳಗಿನ ಪತ್ರಿಕೆಯ ಸುದ್ದಿ ಸಂಜೆಯ ಸಂಭಾಷಣೆಯಾಗುತ್ತಿತ್ತು. ಪಾತ್ರದಿಂದ ಹೊರಬಂದು ಸಭೆಯೊಡನೆ ನೇರ ಮಾತಿಗೆ ನಿಂತು, ಬೇಕಾದ ಗಳಿಗೆಯಲ್ಲಿ ಮತ್ತೆ ಪಾತ್ರವನ್ನು ಹೊಕ್ಕುಬಿಡುತ್ತಿದ್ದರು. ಇಂದು ಕ್ರೌಡ್ ವರ್ಕ್ ಎಂಬ ಹೊಸ ಹೆಸರಿನಲ್ಲಿ ನೀವು ಕಲಿಯುತ್ತಿರುವುದನ್ನು 2019ರಲ್ಲಿ ತೀರಿಕೊಂಡ ಆ ಹಿರಿಯರು ನಮ್ಮ ಕಣ್ಣೆದುರೇ ಮಾಡಿ ತೋರಿಸಿದ್ದರು. ಅವರ ಪೆಟ್ಟು ಅಧಿಕಾರದಲ್ಲಿರುವವರ ಮೇಲೆ ಬೀಳುತ್ತಿತ್ತು. ಟಿಕೆಟ್ ಕೊಂಡು ಬಂದವನು ಅವರ ಪಕ್ಷದವನು ಎಂಬ ಭಾವ ಕೊನೆಯವರೆಗೂ ಇರುತ್ತಿತ್ತು.

ಇನ್ನು ಕೆಲಸದ ಮಾತಿಗೆ ಬರುತ್ತೇನೆ.

ವೇದಿಕೆಯ ದೀಪಗಳು ನಿಮ್ಮ ಕಣ್ಣಿಗೆ ಹೊಡೆಯುತ್ತಿರುತ್ತವೆ, ಮೂರನೆಯ ಸಾಲಿನಾಚೆ ಏನೂ ಕಾಣುವುದಿಲ್ಲ. ಕೂಗಿದವರು ಹದಿನೇಳರವರೋ ಎಪ್ಪತ್ತರವರೋ ತಿಳಿಯುವುದಿಲ್ಲ. ಆದ್ದರಿಂದ ಮುಖವನ್ನು ಊಹಿಸಿಕೊಂಡು ಉತ್ತರ ಕೊಡಬೇಡಿ. ಮೊದಲ ಕೂಗಿಗೆ ನಾನು ಸಾಮಾನ್ಯವಾಗಿ ತಿರುಗಿ ನೋಡುವುದೂ ಇಲ್ಲ. ಒಮ್ಮೆ ಕೂಗಿದವರಲ್ಲಿ ಹೆಚ್ಚಿನವರಿಗೆ ಅಷ್ಟಕ್ಕೇ ತೃಪ್ತಿಯಾಗುತ್ತದೆ. ಎರಡನೆಯ ಸಲ ಬಂದರೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸ, ಅವರು ಹೇಳಿದ್ದನ್ನು ಮೈಕಿನಲ್ಲಿ ಇದ್ದದ್ದು ಇದ್ದ ಹಾಗೆ ಮತ್ತೆ ಹೇಳುವುದು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಅವರ ಕೂಗು ಸುತ್ತಲಿನ ಹತ್ತು ಹದಿನೈದು ಜನಕ್ಕೆ ಕೇಳಿಸಿರುತ್ತದೆ, ನಿಮ್ಮ ಉತ್ತರ ಎಲ್ಲರಿಗೂ ಕೇಳಿಸುತ್ತದೆ. ಪ್ರಶ್ನೆ ಕೇಳದವರಿಗೆ ಉತ್ತರ ಮಾತ್ರ ಕೇಳಿಸಿದರೆ ಈ ಮನುಷ್ಯ ಏಕೆ ಇದ್ದಕ್ಕಿದ್ದಂತೆ ಯಾರನ್ನೋ ಬೈಯುತ್ತಿದ್ದಾನೆ ಎಂದು ಅನ್ನಿಸುತ್ತದೆ. ಮತ್ತೆ ಹೇಳುವಾಗ ಅವರ ಮಾತನ್ನು ತಿರುಚಬೇಡಿ, ಅವರ ಆಡುಮಾತನ್ನು ಅಣಕಿಸಬೇಡಿ. ಹೀಗೆ ಹೇಳುವಷ್ಟರಲ್ಲಿ ನಿಮಗೆ ಎರಡು ಉಸಿರಿನ ಸಮಯ ಸಿಕ್ಕಿರುತ್ತದೆ, ಕಟ್ಟಿಹೋಗಿದ್ದ ನೆನಪು ಅಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ.

ನಾನು ಒಂದು ಹಂತದವರೆಗೆ ಸಿದ್ಧ ಉತ್ತರಗಳ ಪಟ್ಟಿಯನ್ನೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಹಾವೇರಿಯ ಆ ರಾತ್ರಿಯ ನಂತರ ಹರಿದು ಹಾಕಿದೆ. ಸಿದ್ಧ ಉತ್ತರದ ದೋಷವೆಂದರೆ ಅದು ಕೇಳಿಸಿಕೊಳ್ಳುವುದಕ್ಕೆ ಮೊದಲೇ ತಯಾರಾಗಿರುತ್ತದೆ. ಕೇಳಿಸಿಕೊಂಡು ಹುಟ್ಟಿದ ಮಾತು ಸ್ವಲ್ಪ ಒಡ್ಡೊಡ್ಡಾಗಿದ್ದರೂ ಸಭೆ ಅದನ್ನು ಪ್ರೀತಿಯಿಂದ ತೆಗೆದುಕೊಳ್ಳುತ್ತದೆ, ಏಕೆಂದರೆ ಅದು ಆ ಊರಿನಲ್ಲಿ ಆ ರಾತ್ರಿ ಆ ಜನರ ಮುಂದೆಯೇ ಹುಟ್ಟಿದ್ದು.

ನಮ್ಮಲ್ಲಿ ಅತ್ಯಂತ ಹೆಚ್ಚಾಗಿ ಸಿಗುವ ಅಡ್ಡಮಾತಿನವನು ನಮ್ಮ ಅಭಿಮಾನಿಯೇ. ಗಂಗಾವತಿ ಪ್ರಾಣೇಶರಂಥವರ ಮಾತುಗಳು ಕ್ಯಾಸೆಟ್ಟು, ಸಿ.ಡಿ.ಗಳಾಗಿ ಮನೆಮನೆ ತಲುಪಿದ ಕಾಲದಿಂದಲೂ ಇದು ಇದೆ, ಯೂಟ್ಯೂಬ್ ಬಂದ ಮೇಲೆ ಇನ್ನೂ ಹೆಚ್ಚಿದೆ. ನೀವು ಪಂಚ್ ಅನ್ನು, ಅಂದರೆ ನಗೆ ಚಿಮ್ಮಿಸುವ ಕೊನೆಯ ಮಾತನ್ನು, ಹೇಳುವ ಅರೆಗಳಿಗೆ ಮೊದಲೇ ಅವನು ಅದನ್ನು ಕೂಗಿಬಿಡುತ್ತಾನೆ. ಅವನಿಗೆ ನಿಮ್ಮ ಮಾತು ಬಾಯಿಪಾಠವಾಗುವಷ್ಟು ಇಷ್ಟ, ಆ ಇಷ್ಟವನ್ನು ತೋರಿಸಲು ಅವನಿಗೆ ತಿಳಿದಿರುವ ದಾರಿ ಅದೊಂದೇ. ಅವನ ಮೇಲೆ ರೇಗುವುದು ಮಹಾ ಅಪರಾಧ. ಪ್ರತಿ ಪ್ರಸಂಗಕ್ಕೂ ಎರಡು ಕೊನೆಗಳನ್ನು ಇಟ್ಟುಕೊಳ್ಳಿ. ಮೊದಲ ಕೊನೆಯನ್ನು ಅವನೇ ಹೇಳಲಿ, ಸಭೆ ಅವನಿಗೆ ಚಪ್ಪಾಳೆ ತಟ್ಟಲಿ, ಎರಡನೆಯದನ್ನು ನೀವು ಹೇಳಿ. ದೇವತೆಗಳು ಹೇಳಿದ ದಾನ ಎಂಬುದು ಇದೇ ಎಂದು ನಾನು ತಿಳಿದಿದ್ದೇನೆ. ವೇದಿಕೆಯ ಒಂದು ತುಣುಕನ್ನು ಒಂದು ನಿಮಿಷದ ಮಟ್ಟಿಗೆ ಅವನಿಗೆ ಬಿಟ್ಟುಕೊಡುವುದು.

ಮಕ್ಕಳ ಅಳು, ಮೊಬೈಲಿನ ಗಂಟೆ, ನಡುವೆ ನಿಂತುಹೋಗುವ ಜನರೇಟರ್, ಹಾರ ಹಿಡಿದ ಹಿಂಬಾಲಕರೊಡನೆ ತಡವಾಗಿ ಬರುವ ಗಣ್ಯರು, ಇವೆಲ್ಲ ಗಾಳಿ ಮಳೆಗಳ ಜಾತಿಗೆ ಸೇರಿದವು. ಸುಮ್ಮನೆ ನಿಂತು ಹಾದುಹೋಗಲು ಬಿಡಿ.

ಕುಡಿದು ಬಂದವರ ವಿಷಯ ಬೇರೆ. ಅವರೊಡನೆ ಮಾತಿಗೆ ಮಾತು ಬೆಳೆಸಬಾರದು, ಏಕೆಂದರೆ ಉತ್ತರ ಅವರನ್ನು ತಲುಪುವುದಿಲ್ಲ, ಪ್ರತಿ ಉತ್ತರವೂ ಅವರಿಗೆ ಇನ್ನೊಂದು ಆಹ್ವಾನವಾಗುತ್ತದೆ. ಅವರ ಜೊತೆಗೆ ಬಂದ ಗೆಳೆಯರೊಡನೆ ಮೆದುವಾಗಿ ಮಾತಾಡಿ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಗಾಳಿಗೆ ಕರೆದುಕೊಂಡು ಹೋಗಿ ಬನ್ನಿ ಎಂದು ಕೇಳಿಕೊಳ್ಳಿ. ಅಷ್ಟಕ್ಕೂ ಆಗದಿದ್ದರೆ ಕೆಲಸ ವ್ಯವಸ್ಥಾಪಕರದು. ಕಾರ್ಯಕ್ರಮಕ್ಕೆ ಮೊದಲೇ ಅವರಲ್ಲಿ ಒಬ್ಬರನ್ನು ಗೊತ್ತುಮಾಡಿ, ಯಾವ ಸನ್ನೆ ಮಾಡಿದರೆ ಅವರು ಬರಬೇಕೆಂದು ಮಾತಾಡಿಕೊಂಡಿರಿ. ನೀವು ವೇದಿಕೆಯಿಂದ ಇಳಿದು ಹೋಗಬೇಡಿ. ಒಬ್ಬರನ್ನು ಹೊರಗೆ ಕಳುಹಿಸುವ ಗಳಿಗೆಯಲ್ಲಿ ತಮಾಷೆ ಮಾಡಲೂಬೇಡಿ. ಎಷ್ಟೇ ತೊಂದರೆ ಕೊಟ್ಟವನಾದರೂ ನಾಲ್ಕು ಜನರ ನಡುವೆ ಎದ್ದು ಹೋಗುವಾಗ ಅವನ ಬೆನ್ನಿಗೆ ನಗು ಹೊಡೆಯಬಾರದು.

ಇನ್ನೊಂದು ಬಗೆಯ ಕೂಗು ಇದೆ. ಬೆಂಗಳೂರಿನ ಅರವತ್ತು ಕುರ್ಚಿಯ ಸಣ್ಣ ಸಭಾಂಗಣವೊಂದರಲ್ಲಿ ನಾನು ಪ್ರೇಕ್ಷಕನಾಗಿ ಕುಳಿತಿದ್ದೆ. ಒಬ್ಬ ಯುವಕ ತೊದಲು ಮಾತಿನ ಮೇಷ್ಟ್ರ ಬಗ್ಗೆ ಒಂದು ಪ್ರಸಂಗವನ್ನು ಮಾಡುತ್ತಿದ್ದ, ಜನ ನಗುತ್ತಿದ್ದರು. ನಾಲ್ಕನೆಯ ಸಾಲಿನ ಒಬ್ಬ ಹೆಣ್ಣುಮಗಳು ಕುಳಿತಲ್ಲಿಂದಲೇ, ದನಿ ಏರಿಸದೆ, "ನನ್ನ ತಮ್ಮ ಇಲ್ಲೇ ಕುಳಿತಿದ್ದಾನೆ" ಎಂದಳು. ಯುವಕ ನಿಲ್ಲಿಸಿದ. ಕ್ಷಮೆ ಕೇಳುವ ಮನಸ್ಸು ಅವನ ಮುಖದ ಮೇಲೆ ಕಾಣುತ್ತಿತ್ತು, ಆದರೆ ಕ್ಷಮೆ ಕೇಳಿದ ಮೇಲೆ ಹೇಳಲು ಅವನ ಬಳಿ ಬೇರೆ ಏನೂ ಇರಲಿಲ್ಲ. ಆದ್ದರಿಂದ ಇದು ಬರೀ ತಮಾಷೆ ಎಂದು ಹೇಳಿ ಅದೇ ಪ್ರಸಂಗವನ್ನು ಮುಂದುವರಿಸಿದ. ಆ ಅಕ್ಕ ತಮ್ಮ ಎದ್ದು ಹೋದರು. ಅವರ ಹಿಂದೆ ಬಾಗಿಲು ತಾನಾಗಿ ನಿಧಾನವಾಗಿ ಮುಚ್ಚಿಕೊಳ್ಳುವವರೆಗೆ ಇಡೀ ಸಭಾಂಗಣ ಅದನ್ನೇ ನೋಡುತ್ತಿತ್ತು. ಆ ಯುವಕ ಕೆಟ್ಟವನಲ್ಲ, ನನಗೆ ಅವನ ಪರಿಚಯವಿದೆ. ಅವನಿಗೆ ಬೇಕಾಗಿದ್ದದ್ದು ಜೇಬಿನಲ್ಲಿ ಐದು ನಿಮಿಷದ ಬೇರೆ ಮಾತು. ಅದಿದ್ದಿದ್ದರೆ ಅವನು ಸಲೀಸಾಗಿ, ಕ್ಷಮಿಸಿ, ಇದನ್ನು ಇಲ್ಲಿಗೇ ಬಿಡುತ್ತೇನೆ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದ. ಅದಕ್ಕೇ ಎಷ್ಟು ಹೊತ್ತಿನ ಕಾರ್ಯಕ್ರಮವಾದರೂ ಐದು ನಿಮಿಷದ ಸರಕು ಹೆಚ್ಚಿಗೆ ಇರಲಿ ಎಂದು ನಾನು ಬೇಡಿಕೊಳ್ಳುವುದು. ತಪ್ಪೊಪ್ಪಿಕೊಳ್ಳುವ ಧೈರ್ಯ ಎಷ್ಟೋ ಸಲ ಅಂಥ ಸಣ್ಣ ಸಿದ್ಧತೆಯಿಂದ ಬರುತ್ತದೆ.

ವೇದಿಕೆಯ ಮೇಲೆ ನಿಂತ ಹೆಣ್ಣುಮಕ್ಕಳಿಗೆ ಬರುವ ಕೂಗುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸುಧಾ ಬರಗೂರು, ಇಂದುಮತಿ ಸಾಲಿಮಠ ಅವರಂಥವರು ಕನ್ನಡದ ಹಾಸ್ಯ ವೇದಿಕೆಯಲ್ಲಿ ಹೆಣ್ಣಿನ ದನಿಗೆ ಜಾಗ ಮಾಡಿಕೊಟ್ಟು ವರ್ಷಗಳಾದವು. ಹಾಗಿದ್ದರೂ ಗಂಡು ಕಲಾವಿದನಿಗೆ ಅವನ ಮಾತಿನ ಮೇಲೆ ಕೂಗು ಬಿದ್ದರೆ ಹೆಣ್ಣಿಗೆ ಅವಳ ಸೀರೆ, ಮೈಕಟ್ಟು, ಮದುವೆಯ ಮೇಲೆ ಬೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಕೂಗಿಗೆ ಚತುರ ಉತ್ತರ ಕೊಡುವ ಹೊಣೆಯನ್ನು ಅವಳೊಬ್ಬಳ ಮೇಲೆ ಹೊರಿಸುವುದು ಅನ್ಯಾಯ. ನಿರೂಪಕರು, ವ್ಯವಸ್ಥಾಪಕರು, ಅದೇ ವೇದಿಕೆಯ ಉಳಿದ ಕಲಾವಿದರು ಆ ಗಳಿಗೆಯಲ್ಲೇ ಎದ್ದು ನಿಲ್ಲಬೇಕು. ಇಲ್ಲಿ ಸಾಮದ ಅಗತ್ಯ ನನಗೆ ಕಾಣುವುದಿಲ್ಲ.

ಭಾಷೆಯ ಕೂಗೂ ಇದೆ. ಬೆಂಗಳೂರಿನಲ್ಲಿ ಕನ್ನಡದ ಕಾರ್ಯಕ್ರಮಕ್ಕೆ ಬಂದು ಬೇರೆ ಭಾಷೆಯಲ್ಲಿ ಮಾತಾಡಿ ಎಂದು ಕೂಗುವವರು ಅಪರೂಪಕ್ಕೆ ಸಿಗುತ್ತಾರೆ. ಅವರಿಗೆ ಸೌಜನ್ಯದಿಂದ, ಈ ಸಂಜೆ ಕನ್ನಡದ್ದು, ಪಕ್ಕದವರನ್ನು ಕೇಳಿ ತಿಳಿದುಕೊಳ್ಳಿ ಎಂದರೆ ಸಾಕು, ಪಕ್ಕದವರು ಸಂತೋಷದಿಂದ ಹೇಳಿಕೊಡುತ್ತಾರೆ. ನನಗೆ ಹೆಚ್ಚು ನೋವಾಗುವುದು ನಮ್ಮನಮ್ಮಲ್ಲೇ ಧಾರವಾಡದ, ಮಂಗಳೂರಿನ, ಕೋಲಾರದ ಆಡುಮಾತನ್ನು ಹಿಡಿದು ಕಿಚಾಯಿಸುವುದನ್ನು ಕೇಳಿದಾಗ. ಆ ಒಂದೊಂದು ಮಾತಿನ ರೀತಿಯಲ್ಲೂ ಅದರದೇ ನಗೆಯ ಲಯವಿದೆ, ಅದನ್ನು ಕಲಿತು ನಗಿಸಬೇಕೇ ಹೊರತು ಅದನ್ನೇ ನಗೆಪಾಟಲು ಮಾಡಬಾರದು.

ಕೊನೆಯದಾಗಿ, ಇತ್ತೀಚಿನ ಒಂದು ಬದಲಾವಣೆಯ ಬಗ್ಗೆ. ಸಭಿಕರೊಡನೆ ನಡೆದ ಜಟಾಪಟಿಯ ಒಂದು ನಿಮಿಷದ ತುಣುಕುಗಳು ಮೊಬೈಲುಗಳಲ್ಲಿ ಹರಿದಾಡತೊಡಗಿದ ಮೇಲೆ ಎರಡು ಸಂಗತಿಗಳು ಆಗಿವೆ. ಅಡ್ಡಮಾತಾಡುವುದೇ ಪ್ರೇಕ್ಷಕನ ಪಾತ್ರ ಎಂದು ಹೊಸಬರು ತಿಳಿದಿದ್ದಾರೆ. ಕಲಾವಿದರೂ ಕೂಗು ಬರಲೆಂದು ಕಾಯುತ್ತ, ಬಾರದಿದ್ದರೆ ಮುಂದಿನ ಸಾಲಿನವರನ್ನು ಕೆದಕುತ್ತ ನಿಲ್ಲುತ್ತಾರೆ. ನಿಮ್ಮ ಕೆಲಸವೇನು, ಮದುವೆ ಆಗಿದೆಯೇ, ಪಕ್ಕದಲ್ಲಿರುವವರು ಯಾರು ಎಂಬ ಪ್ರಶ್ನೆಗಳಿಗೆ ತಡವರಿಸಿ ಉತ್ತರ ಕೊಟ್ಟ ಒಬ್ಬ ಸಾಮಾನ್ಯ ಮನುಷ್ಯನ ಮುಖ ಮರುದಿನ ಲಕ್ಷಾಂತರ ಜನರ ಮುಂದೆ ಇರುತ್ತದೆ. ಸಭಾಂಗಣದಲ್ಲಿ ಅರವತ್ತು ಜನರೊಡನೆ ನಕ್ಕು ಮರೆಯಬಹುದಾದ ಮಾತು ಅಲ್ಲಿ ಮರೆಯುವುದಿಲ್ಲ. ಅವರನ್ನು ಕೇಳದೆ, ಅವರು ಒಪ್ಪದೆ, ಅವರ ಮುಖ ಕಾಣುವ ತುಣುಕನ್ನು ಹಾಕಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇದರಿಂದ ನಿಮ್ಮ ವೀಕ್ಷಕರ ಸಂಖ್ಯೆ ಕಡಿಮೆಯಾದರೆ ಆಗಲಿ. ಬರೆದು ತಿದ್ದಿದ ಮಾತಿಗೆ ಇರುವ ಆಯುಷ್ಯ ಆ ಜಟಾಪಟಿಗಳಿಗಿಲ್ಲ. ಸಂಜೆಯ ಹೆಚ್ಚಿನ ಪಾಲು ನೀವು ಕಟ್ಟಿ ತಂದ ಮಾತಿಗೇ ಮೀಸಲಿರಲಿ, ಸಭೆಯ ಮಾತು ಬಂದಾಗ ಬರಲಿ.

ಹಾವೇರಿ ಜಿಲ್ಲೆಯ ಆ ಊರಿಗೆ ನಾನು ಮೂರು ವರ್ಷಗಳ ನಂತರ ಮತ್ತೆ ಹೋದೆ. ಅವರು ಕರೆದದ್ದೇ ನನಗೆ ದೊಡ್ಡ ಮಾತಾಗಿತ್ತು. ಅದೇ ಮೈದಾನ, ಅದೇ ತಗಡಿನ ಚಪ್ಪರ. ಬೇರೆ ಪ್ರಸಂಗಗಳನ್ನು ಸಿದ್ಧಪಡಿಸಿಕೊಂಡಿದ್ದರೂ ಬೇಕೆಂದೇ ಆ ಅಳಿಯನ ಕಥೆಯನ್ನು ಎತ್ತಿಕೊಂಡೆ. ಹಿಂದೆ ಇದೇ ಜಾಗದಲ್ಲಿ ಕುಂಟೆಯಿಂದ ಬಿತ್ತಿಸಿ ತಪ್ಪು ಮಾಡಿದ್ದೆ, ತಿದ್ದಿದ ಹಿರಿಯರಿಗೆ ಬಿರುಸಾಗಿ ಮಾತಾಡಿದ್ದೆ, ಇಂದು ಅಳಿಯನ ಕೈಗೆ ಕೂರಿಗೆಯನ್ನೇ ಕೊಡುತ್ತೇನೆ ಎಂದೆ. ಕತ್ತಲಿನಿಂದ ಅದೇ ದನಿ ಬಂತು: "ಎಷ್ಟ ತಾಳಿಂದ್ರೀ ಕೂರಿಗಿ?"

ನಾನು ಆ ಮಾತನ್ನು ಮೈಕಿನಲ್ಲಿ ಮತ್ತೆ ಹೇಳಿದೆ. ನನಗೆ ಗೊತ್ತಿಲ್ಲ, ಎಷ್ಟು ತಾಳಿನದು ಹಿಡಿಸಲಿ, ನೀವೇ ಹೇಳಿ ಎಂದೆ.

"ಪ್ಯಾಟಿ ಅಳ್ಯಾ ಅದಾನ, ಮೂರ ತಾಳಿಂದ ಕೊಡ್ರಿ, ಸಾಕು."

ಜಮಖಾನದ ಮೇಲಿನ ಹೆಂಗಸರು ಮೊದಲು ನಕ್ಕರು. ಆ ಮೇಲೆ ಹಿಂದಿನ ಕತ್ತಲು ಪೂರ್ತಿ ನಕ್ಕಿತು. ಆ ಪ್ರಸಂಗದಲ್ಲಿ ಅಳಿಯನ ಕೈಯಲ್ಲಿ ಇಂದಿಗೂ ಇರುವುದು ಮೂರು ತಾಳಿನ ಕೂರಿಗೆಯೇ.